ಏಳನೇ ನಂಬರಿನ ಯಂತ್ರ

ಮೈನಸ್ ಮೂವತ್ತೊಂದು ಅಂತ ರೇಡಿಯೋ ಹೇಳಿದ ರಾತ್ರಿ
ಬಾಗಿಲು ನೂಕಿಕೊಂಡು ಬಂದಳು,
ಅವಳ ಹಿಂದೆಯೇ ಮೊಳದುದ್ದ ಚಳಿ.
ಕೈಯಲ್ಲಿ ಒಂದೇ ಒಂದು ಕಂಬಳಿ,
ಒದ್ದೆಯಿಲ್ಲ, ಕೊಳೆಯೂ ಇಲ್ಲ.
ಒಣಗಿಸುವ ಯಂತ್ರದೊಳಗೆ ತುರುಕಿ
ಕ್ವಾರ್ಟರ್ ನಾಣ್ಯ ತಳ್ಳಿದಳು.

ಒಂದು ನಾಣ್ಯಕ್ಕೆ ಎಂಟು ನಿಮಿಷ.
ಗಾಜಿನಾಚೆ ಒಣಗಿದ ಕಂಬಳಿ ಮತ್ತೆ ಒಣಗುತ್ತಿತ್ತು.
ಬಿಸಿ ತಗಡಿಗೆ ಬೆನ್ನು ಕೊಟ್ಟು ನಿಂತಳು
ನನ್ನಜ್ಜಿ ಇಟ್ಟಿಗೆ ಒಲೆಗೆ ಆತು ನಿಲ್ಲುತ್ತಿದ್ದ ಹಾಗೆ.
ನಿಂತಾಗ ಅಜ್ಜಿ ಹಾಡುತ್ತಿದ್ದಳು.
ಇವಳು ಮನಸ್ಸಿನಲ್ಲೇ ಚಿಲ್ಲರೆ ಎಣಿಸುತ್ತಿದ್ದಳು.

ನಾನು ಹಾನ್ಯಾ.
ವಿನಿಪೆಗ್ಗಿನ ಉತ್ತರದ ತುದಿಯ ಈ ಲಾಂಡ್ರಿಯಲ್ಲಿ
ಹತ್ತೊಂಬತ್ತು ಚಳಿಗಾಲದ ರಾತ್ರಿಪಾಳಿ.
ಕಲೆ ನೋಡಿದರೆ ಸಾಕು, ಹೇಳಬಲ್ಲೆ:
ಬೀಟ್‌ರೂಟು, ಗ್ರೀಸು, ಮೂಗಿನ ರಕ್ತ, ಬೇರೆ ರಕ್ತ.
ಹಾಗಂತ ನಂಬಿದ್ದೆ
ಹೋದ ಜನವರಿಯವರೆಗೆ.

ಹೋದ ಜನವರಿಯಲ್ಲಿ ಬಂದವನು ಟ್ರೆವಿನ್.
ಹದಿನಾಲ್ಕು ಇದ್ದೀತು. ಹದಿನೇಳು ಅಂದ.
ನಾನೋ, ಬಿಸಿ ಸೂಪಿನ ಬಟ್ಟಲು ಕೊಟ್ಟು
ಮಗ್ಗುಲಲ್ಲೇ ಕೂತು ಪ್ರಶ್ನೆಯ ಗಂಟು ಬಿಚ್ಚಿದೆ:
ಮನೆ ಎಲ್ಲಿ, ಯಾಕೆ ಬಿಟ್ಟೆ,
ಹೆತ್ತವಳ ಸಂಕಟ ನಿನಗೇನು ಗೊತ್ತು?
ಚಮಚ ಎತ್ತಿದಾಗ ತೋಳು ಜಾರಿತು.
ಮೊಣಕೈ ಕೆಳಗೆ ದುಂಡನೆಯ ಸುಟ್ಟ ಗುರುತು,
ಒಂದರ ಪಕ್ಕ ಒಂದು, ಮೂರು.
ಒಲೆ ತಾಗಿರಬೇಕು ಅಂದುಕೊಂಡೆ.
ಹಿಂದಿನ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ,
ದನಿ ತಗ್ಗಿಸಿ
ಫೋನು ಮಾಡಿದೆ.

ಅವರು ಬಂದರು. ಒಳ್ಳೆಯ ಮಾತೇ ಆಡಿದರು.
ಎಲ್ಲಿಂದ ಬಂದಿದ್ದನೋ ಅಲ್ಲಿಗೇ ಕರೆದುಕೊಂಡು ಹೋದರು.
ಬಾಗಿಲ ಬಳಿ ಅವನು ಬೈಯಲಿಲ್ಲ, ಅಳಲಿಲ್ಲ.
ಬಟ್ಟಲಿನತ್ತ ನೋಡಿದ, ಆಮೇಲೆ ನನ್ನತ್ತ.
ಅರ್ಧ ಸೂಪು ಹಾಗೇ ಇತ್ತು.

ಮಾರ್ಚಿನಲ್ಲಿ ಯಾರದೋ ಅಂಗಿ ಮಡಚುವಾಗ
ತೋಳಿನಲ್ಲೊಂದು ಸಿಗರೇಟಿನ ತೂತು ಕಂಡಿತು,
ಅಳೆದಿಟ್ಟ ಹಾಗೆ ದುಂಡಗೆ.
ಒಲೆ ಸಾಲಾಗಿ ಸುಡುವುದಿಲ್ಲ
ಅನ್ನುವುದು ಆಗ ಹೊಳೆಯಿತು.
ಆ ಅಂಗಿಯನ್ನು ನಾಲ್ಕು ಸಲ ಬಿಚ್ಚಿ ಮಡಚಿದೆ.

ಹಾಗಾಗಿ ಇವಳನ್ನು ಕೇಳಿದ್ದು ಇಷ್ಟೇ:
"ಪರಿಮಳದ ಹಾಳೆ ಹಾಕಲಾ ಕಂಬಳಿಗೆ?"
"ಅದಕ್ಕೆಷ್ಟು?"
"ಗುರುವಾರ ಬಿಟ್ಟಿ."
ಅಂಥ ಗುರುವಾರ ಯಾವುದೂ ಇರಲಿಲ್ಲ.

ಗೋಡೆಯ ಮೇಲೆ ಯಜಮಾನರ ಫಲಕ:
ಗಿರಾಕಿಗಳಿಗೆ ಮಾತ್ರ. ಮಲಗುವಂತಿಲ್ಲ.
ಎರಡು ಗಂಟೆಗೆ ಟಾರ್ಚು ಹಿಡಿದು ಕಾವಲಿನ ಲಾರ್ನ್ ಬಂದ.
"ಯಾರಿವಳು?"
"ಗಿರಾಕಿ. ಏಳನೇ ನಂಬರಿನಲ್ಲಿ ಅವಳ ಬಟ್ಟೆ ತಿರುಗ್ತಿದೆ, ನೋಡು."
ತಿರುಗುತ್ತಿದ್ದದ್ದು ನನ್ನ ಮೇಜುಬಟ್ಟೆ,
ಒಂದು ಏಪ್ರನ್ನು, ಎರಡು ಟವೆಲು.
ಮಂಗಳವಾರದಿಂದ ಒಗೆದದ್ದನ್ನೇ ಒಗೆಯುತ್ತಿದ್ದೇನೆ.
ಅಂಚು ಪಿಸಿಯುತ್ತಾ ಬಂದಿದೆ.
ಲಾರ್ನ್ ಬಗ್ಗಿ ಗಾಜಿನೊಳಗೆ ನೋಡಿದ,
ಅವಳ ಬೂಟಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲ ನೋಡಿದ,
"ತುಂಬಾ ಕೊಳೆ ಇರಬೇಕು" ಅಂದು ಹೊರಟ.

ಮೂರು ರಾತ್ರಿ ಮಾತಿಲ್ಲ.
ಹೋಗುವಾಗ ಕುರ್ಚಿಯ ಮೇಲೆ ಚೀಟಿಯಿಟ್ಟೆ:
ಹುಡುಗ ಹುಡುಗಿಯರಿಗೆಂದೇ ಇರುವ ಮನೆಯೊಂದರ ನಂಬರು,
ಮೇಲೊಂದು ನಾಣ್ಯ.
ನಾಣ್ಯ ಒಯ್ದಳು. ಚೀಟಿ ಅಲ್ಲೇ ಇತ್ತು.
ಇರಲಿ.
ಮತ್ತೆ ಇಟ್ಟೆ.

ನಾಲ್ಕನೆಯ ರಾತ್ರಿ, ಕಂಬಳಿ ತಿರುಗುವಾಗ,
ಗಾಜಿಗೆ ಹೇಳಿದಂತೆ ಹೇಳಿದಳು:
"ಶಾಯ್ಲಾ."
ನಾನು ಟವೆಲು ಮಡಚುವುದನ್ನು ನಿಲ್ಲಿಸಲಿಲ್ಲ.
"ಅಲ್ಲಿ ತುಂಬಾ ಕೇಳ್ತಾರಾ?"
"ಕೇಳ್ತಾರೆ. ನೀನು ಸುಮ್ಮನಿದ್ದರೆ ಅವರೂ ಸುಮ್ಮನಿರ್ತಾರೆ."
"ವಾಪಸ್ ಕಳಿಸಿದರೆ?"

ಇದಕ್ಕೆ ನನ್ನಲ್ಲಿ ಬಿಟ್ಟಿ ಉತ್ತರ ಇರಲಿಲ್ಲ.
"ಅದನ್ನೇ ಮೊದಲು ಕೇಳೋಣ" ಅಂದೆ.
"ಹೆಸರು ಹೇಳದೆಯೂ ಕೇಳಬಹುದು."

ಹಿಂದಿನ ಕೋಣೆಯ ಫೋನನ್ನು
ಸುರುಳಿ ತಂತಿ ಸೆಟೆದು ನಿಲ್ಲುವವರೆಗೆ ಎಳೆದು ತಂದೆ.
ಅವಳ ಕುರ್ಚಿಗೆ ಇನ್ನೂ ಒಂದು ಗೇಣು ಸಾಲದು.
ಕುರ್ಚಿಯನ್ನು ಅವಳೇ ಎಳೆದುಕೊಂಡಳು.
ನಂಬರು ಒತ್ತಿದವಳೂ ಅವಳೇ, ಎರಡು ಸಲ ತಪ್ಪಿ.

ಆ ತುದಿಯಲ್ಲಿ ಗಂಟೆ ಬಡಿಯುತ್ತಿತ್ತು.
ಏಳನೇ ನಂಬರು ನಡುಗಿ, ನಿಂತಿತು.
ಬಟ್ಟೆ ತೆಗೆಯಲು
ಇಬ್ಬರೂ ಏಳಲಿಲ್ಲ.